ಸಿಡಿಯ ಬೆನ್ನ ಮೇಲೆ ಏನು ಬರೆಯಬೇಕು?

ಸಿಡಿ ಹಿಡಿದವರೆಲ್ಲ ಜೋಪಾನ ಮಾಡುವುದು ಅದರ ಹೊಳೆಯುವ ಮೈಯನ್ನು. ಇನ್ನೊಂದು ಮೈ ಏನು ಬೇಕಾದರೂ ಗೀಚಬಹುದಾದ ಹಲಗೆ ಎಂಬ ಭಾವನೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ನಾವೇ ಬರೆದುಕೊಳ್ಳುವ ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ಪಾರದರ್ಶಕ ಪಾಲಿಕಾರ್ಬೊನೇಟ್. ಮಾಹಿತಿ ಹಿಡಿದಿಡುವ ಬಣ್ಣದ ಪದರ, ಅದರ ಮೇಲಿನ ಬೆಳ್ಳಿ ಅಥವಾ ಚಿನ್ನದ ಲೇಪ ಇವೆರಡೂ ಇರುವುದು ಹೆಸರು ಬರೆಯುವ ಕಡೆಗೇ. ಪೆನ್ನಿನ ಮೊನೆಗೂ ಅವಕ್ಕೂ ನಡುವೆ ಕೆಲವೇ ಮೈಕ್ರೊಮೀಟರ್‌ನಷ್ಟು ಲ್ಯಾಕರ್. ಕೆಳಮೈಯ ಸಣ್ಣ ಗೀರನ್ನು ಲೇಸರ್ ಹೆಚ್ಚಾಗಿ ಲೆಕ್ಕಕ್ಕೇ ಇಡುವುದಿಲ್ಲ. ಆ ಮಟ್ಟದಲ್ಲಿ ಕಿರಣ ಇನ್ನೂ ಅಗಲವಾಗಿರುತ್ತದೆ, ಒಳಗಿನ ಪದರ ಮುಟ್ಟಿದಾಗಲಷ್ಟೇ ಚುಕ್ಕೆಯಾಗುತ್ತದೆ. ಅಂಥ ಗೀರನ್ನು ಉಜ್ಜಿ ತೆಗೆಯಲೂ ಬಹುದು. ಮೇಲ್ಮೈಯಲ್ಲಿ ಬಾಲ್‌ಪೆನ್ ಒತ್ತಿ ಲೋಹದ ಪದರ ನಲುಗಿತೆಂದರೆ ಮಾತ್ರ ರಿಪೇರಿಯ ಮಾತೇ ಇಲ್ಲ.

ಹಾಗಾದರೆ ಮೆತ್ತನೆ ಮೊನೆಯ ಮಾರ್ಕರ್ ಸಾಕಲ್ಲವೇ? ಮೊನೆ ಸರಿ, ಶಾಯಿಯನ್ನೂ ನೋಡಬೇಕು. ಸ್ಪಿರಿಟ್ ವಾಸನೆಯ ಮಾರ್ಕರುಗಳಲ್ಲಿ ಆಲ್ಕೋಹಾಲ್, ಕೆಲವದರಲ್ಲಿ ಕ್ಸೈಲೀನ್‌ನಂಥ ಇನ್ನೂ ಖಾರವಾದ ದ್ರಾವಕ ಇರುತ್ತದೆ. ಲ್ಯಾಕರನ್ನು ಸಡಿಲಿಸಬಲ್ಲವು ಇವೇ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಹೊರತಂದ ಕೈಪಿಡಿ ದ್ರಾವಕವಿಲ್ಲದ ಶಾಯಿಯನ್ನೇ ಸೂಚಿಸುತ್ತದೆ. 'ವರ್ಷಗಟ್ಟಲೆ ಮಾಮೂಲಿ ಮಾರ್ಕರಿನಲ್ಲೇ ಬರೆದಿದ್ದೇವೆ, ಒಂದೂ ಕೆಟ್ಟಿಲ್ಲ' ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಲ್ಯಾಕರ್ ದಪ್ಪವಾಗಿದ್ದರೆ ಅಥವಾ ಅದರ ಮೇಲೆ ಅಚ್ಚಿನ ಬಣ್ಣ ಕೂತಿದ್ದರೆ ಶಾಯಿ ಒಳಗಿಳಿಯದು. ಆದರೆ ತನ್ನ ಸಿಡಿಯ ಲ್ಯಾಕರ್ ಎಷ್ಟು ದಪ್ಪವೆಂದು ಕೊಂಡವನಿಗೆ ಹೇಗೆ ಗೊತ್ತಾಗಬೇಕು?

ಡಿವಿಡಿಯ ಕಥೆ ಬೇರೆ. ಅದರ ಮಾಹಿತಿ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಸುರಕ್ಷಿತ. ಶಾಯಿಯ ಭಯ ಅಲ್ಲಿ ಅಷ್ಟಿಲ್ಲ. ಅದಕ್ಕೇ ಚೀಟಿ ಅಂಟಿಸಿದರಾಯಿತು ಎಂದುಕೊಳ್ಳುವುದು ಸಹಜ, ತಪ್ಪೂ ಹೌದು. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ತಟ್ಟೆಯನ್ನು ಬಾಗಿಸುತ್ತದೆ. ಓರೆಯನ್ನು ಡಿವಿಡಿ ಸಿಡಿಗಿಂತ ಕಡಿಮೆ ಸಹಿಸುತ್ತದೆ. ಚೀಟಿ ಕೊಂಚ ವಾರೆಯಾಗಿ ಕೂತರೂ ತೂಕ ಒಂದು ಕಡೆ ವಾಲುತ್ತದೆ. ವೇಗದ ಡ್ರೈವಿನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುವಾಗ ಆ ಅಸಮತೋಲ ನಡುಕವಾಗುತ್ತದೆ. ಸಿಡಿಯ ಮೇಲೆ ಅಂಟಿದ ಚೀಟಿಯನ್ನು ಕೀಳಹೋದರಂತೂ ಲೋಹದ ಪದರವೂ ಜೊತೆಗೇ ಎದ್ದು ಬರಬಹುದು.

ಉಳಿಯುವ ದಾರಿ ಸರಳ. ನಡುವಿನ ತೂತಿನ ಸುತ್ತ ಪಾರದರ್ಶಕ ಪಟ್ಟಿಯೊಂದಿದೆ; ಅಲ್ಲಿ ಬಣ್ಣವೂ ಇಲ್ಲ, ಲೋಹವೂ ಇಲ್ಲ. ನೀರಿನ ಶಾಯಿಯ ಮಾರ್ಕರಿನಲ್ಲಿ ಅಲ್ಲೊಂದು ಕ್ರಮಸಂಖ್ಯೆ ಬರೆದು, ಮಿಕ್ಕ ವಿವರವನ್ನೆಲ್ಲ ಡಬ್ಬಿಯ ಮೇಲೂ ಒಂದು ಪಟ್ಟಿಯಲ್ಲೂ ಇಡಬಹುದು. ಜಾಗ ಸಾಲದು ಎಂಬ ತಕರಾರು ಸಂಖ್ಯೆಗೆ ಅನ್ವಯಿಸದು. ಚಿತ್ರ, ಶೀರ್ಷಿಕೆ ಬೇಕೇಬೇಕೆಂದರೆ ಇಂಕ್‌ಜೆಟ್‌ಗೆಂದೇ ಬಿಳಿ ಲೇಪ ಹಾಕಿದ ಡಿಸ್ಕ್ ಕೊಳ್ಳಬೇಕು, ಒದ್ದೆ ಕೈ ತಾಗದಂತೆ ಇಡಬೇಕು.