ಎರಡು ಕಾಕ್‌ಪಿಟ್, ಒಂದೇ ಸೀನಿಯಾರಿಟಿ

ಅಮೆರಿಕದಲ್ಲಿ ಪ್ರಯಾಣಿಕ ವಿಮಾನ ನಡೆಸುತ್ತಲೇ ಸೇನೆಯ ಮೀಸಲು ಪಡೆಯಲ್ಲೂ ಹಾರುವ ಪೈಲಟ್‌ಗಳಿದ್ದಾರೆ. ಅವರ ನೌಕರಿಗೆ ಭದ್ರತೆ ತಂದದ್ದು ಬ್ರೂಕ್ಲಿನ್ ಹಡಗುಕಟ್ಟೆಯ ಫಿಶ್‌ಗೋಲ್ಡ್ ಎಂಬ ಒಬ್ಬ ವೆಲ್ಡರ್ ಹೂಡಿದ ದಾವೆ.

ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದಿದ್ದ ಆತನನ್ನು ಕೆಲಸ ಕಡಿಮೆಯಿದ್ದ ದಿನಗಳಲ್ಲಿ ಹೊರಗೆ ಕೂರಿಸಿ, ಸೇನೆಗೆ ಹೋಗದ ಹಿರಿಯ ಕಾರ್ಮಿಕರಿಗೆ ಕೆಲಸ ಕೊಟ್ಟಿದ್ದರು. 1946ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವನು ಸೋತ. ಆದರೆ ಆ ಫಿಶ್‌ಗೋಲ್ಡ್ ತೀರ್ಪಿನಲ್ಲೇ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸೀನಿಯಾರಿಟಿಯನ್ನು ಎಸ್ಕಲೇಟರ್‌ಗೆ ಹೋಲಿಸಿದರು. ಸೈನಿಕ ಮರಳಿ ಬಂದಾಗ ತಾನು ಇಳಿದ ಮೆಟ್ಟಿಲಿಗಲ್ಲ, ಇಳಿಯದೇ ಇದ್ದಿದ್ದರೆ ಎಲ್ಲಿರುತ್ತಿದ್ದನೋ ಅಲ್ಲಿಗೆ ಕಾಲಿಡಬೇಕು.

ಪೈಲಟ್‌ಗೆ ಇದಕ್ಕಿಂತ ದೊಡ್ಡ ಆಸರೆಯಿಲ್ಲ. ಯಾವ ವಿಮಾನ, ಯಾವ ಊರು, ಕ್ರಿಸ್‌ಮಸ್‌ಗೆ ಮನೆಯೋ ಹೋಟೆಲೋ, ಕ್ಯಾಪ್ಟನ್ ಆಗುವುದು ಯಾವಾಗ? ಎಲ್ಲವನ್ನೂ ನಿರ್ಧರಿಸುವುದು ಸೀನಿಯಾರಿಟಿ ನಂಬರ್.

ವಾಯುಪಡೆಯ ಮೀಸಲು ಪಡೆ ಹುಟ್ಟಿದ್ದು 1948ರಲ್ಲಿ. 1968ರಲ್ಲಿ ಕ್ಯಾಲಿಫೋರ್ನಿಯಾದ ನಾರ್ಟನ್ ನೆಲೆಯಲ್ಲಿ ಹೊಸ ಏರ್ಪಾಡೊಂದು ಶುರುವಾಯಿತು: ಮೀಸಲು ಪಡೆಗೆ ಸ್ವಂತ ವಿಮಾನವಿಲ್ಲ, ಸಿಬ್ಬಂದಿ ಮಾತ್ರ; ಅವರು ಹಾರಿಸುವುದು ಕಾಯಂ ಪಡೆಯ ಸಿ-141 ಸಾಗಣೆ ವಿಮಾನಗಳನ್ನು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತ ಮೇಲಂತೂ ಈ ಅರೆಕಾಲಿಕರಿಲ್ಲದೆ ದೊಡ್ಡ ಕಾರ್ಯಾಚರಣೆಯೇ ಕಷ್ಟವಾಯಿತು. ಕಾಗದದ ಮೇಲೆ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಹದಿನೈದು ದಿನ. ಆದರೆ ಅಷ್ಟರಲ್ಲೇ ಯುದ್ಧ ವಿಮಾನದ ಮೇಲಿನ ಹಿಡಿತ ಉಳಿಯುವುದಿಲ್ಲ. ಹಾಗಾಗಿ ಪೈಲಟ್ ‘ಮಿಲ್ ಲೀವ್’, ಅಂದರೆ ಸೇನಾ ರಜೆ, ಹಾಕಿ ಟ್ರಿಪ್ ಬಿಡುತ್ತಾರೆ. ವಿಮಾನ ಸಂಸ್ಥೆ ಬದಲಿ ಆಳು ಹುಡುಕುತ್ತದೆ.

ಈ ಜಗ್ಗಾಟ ಬಯಲಾದದ್ದು 1990ರ ಆಗಸ್ಟ್‌ನಲ್ಲಿ. ಇರಾಕ್ ಕುವೈತನ್ನು ಆಕ್ರಮಿಸಿದಾಗ ಸರ್ಕಾರ, ಸೈನಿಕರನ್ನು ಸಾಗಿಸಲು ಖಾಸಗಿ ಸಂಸ್ಥೆಗಳ ವಿಮಾನಗಳನ್ನು ಮೊದಲ ಬಾರಿಗೆ ಕಡ್ಡಾಯವಾಗಿ ಕರೆಸಿಕೊಂಡಿತು. ಅದೇ ತಿಂಗಳು ಮೀಸಲು ಪಡೆಗೂ ಕರೆ ಹೋಯಿತು. ವಿಮಾನವೂ ಬೇಕು, ಅದನ್ನು ಹಾರಿಸುವವನೂ ಬೇಕು!

ಸೇನಾ ಸೇವೆಗೆ ಹೋಗುವ ನೌಕರರ ಹಕ್ಕುಗಳ ಕುರಿತ 1994ರ ಕಾಯ್ದೆ ಎಸ್ಕಲೇಟರ್ ತತ್ವವನ್ನು ಗಟ್ಟಿಗೊಳಿಸಿತು. ಒಬ್ಬ ಮಾಲೀಕನ ಬಳಿ ಒಟ್ಟು ಐದು ವರ್ಷದವರೆಗಿನ ಸೇನಾ ಗೈರುಹಾಜರಿಗೆ ರಕ್ಷಣೆ. ಕಡ್ಡಾಯ ತರಬೇತಿ ಆ ಲೆಕ್ಕಕ್ಕೆ ಸೇರದು.

ಆದರೂ ಅರೆಕಾಲಿಕ ಸೇವೆ ಪೂರ್ತಿ ಸೇವೆಯೇ ಎಂಬ ಪ್ರಶ್ನೆ ಸತ್ತವರನ್ನೂ ಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಅಪಹರಣಕಾರರು ಪೆಂಟಗನ್‌ಗೆ ಅಪ್ಪಳಿಸಿದ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಕ್ಯಾಪ್ಟನ್ ಚಾರ್ಲ್ಸ್ ಬರ್ಲಿಂಗೇಮ್ ನೌಕಾಪಡೆಯ ಮೀಸಲು ಅಧಿಕಾರಿಯಾಗಿ ನಿವೃತ್ತರಾದವರು. ಅದೇ ಪೆಂಟಗನ್‌ನಲ್ಲಿ ದುಡಿದವರು. ಮೀಸಲು ನಿವೃತ್ತರಿಗೆ ಅರವತ್ತು ತುಂಬಿರಬೇಕೆಂಬ ನಿಯಮ ಹೇಳಿ, ಐವತ್ತೊಂದರ ಅವರಿಗೆ ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿ ಪ್ರತ್ಯೇಕ ಜಾಗ ನಿರಾಕರಿಸಲಾಯಿತು. ಇದು ಅನ್ಯಾಯವೇ. ಕುಟುಂಬ ಪಟ್ಟುಹಿಡಿದ ಮೇಲೆ ಡಿಸೆಂಬರ್‌ನಲ್ಲಿ ಜಾಗ ಸಿಕ್ಕಿತು.

ಈಗಿನ ಜಗಳ ಸಂಬಳದ್ದು. ಜ್ಯೂರಿ ಕೆಲಸಕ್ಕೆ, ಕಾಯಿಲೆಗೆ ಹೋದವರಿಗೆ ಸಂಬಳ ಕೊಡುವ ಸಂಸ್ಥೆ ಕೆಲವೇ ದಿನಗಳ ಮಿಲ್ ಲೀವ್‌ಗೆ ಏಕೆ ಕೊಡಬಾರದೆಂದು ಯುನೈಟೆಡ್ ಏರ್‌ಲೈನ್ಸ್‌ನ ಮೀಸಲು ಪೈಲಟ್ ಒಬ್ಬರು ಕೇಳಿದರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ, ಸಂಬಳಸಹಿತ ರಜೆಯೂ 1994ರ ಕಾಯ್ದೆ ಹೇಳುವ ಹಕ್ಕುಗಳಲ್ಲಿ ಸೇರುತ್ತದೆಂದು ಒಪ್ಪಿ, ಆ ರಜೆಗಳನ್ನು ಹೋಲಿಸಿ ನೋಡಲು ಪ್ರಕರಣವನ್ನು ಕೆಳಗಿನ ಕೋರ್ಟಿಗೆ ಮರಳಿಸಿತು.