ಒಪ್ಪತ್ತಿನ ಲೆಕ್ಕ

ಬೆಳಗಾವಿ ಜಿಲ್ಲೆಯ ಮೂಡಲಗಿ ಸೀಮೆಯಲ್ಲಿ ಬುತ್ತಿಯ ಗಂಟು ಹಿಡಿದು ಹೊಲಕ್ಕೆ ಹೊರಟವನ ಊಟವನ್ನು ಯಾರೂ ಅಳೆಯುವುದಿಲ್ಲ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಇವೆಲ್ಲವೂ ಕಬ್ಬಿನ ಗದ್ದೆಯ ದುಡಿಮೆಯಲ್ಲಿ ಸಂಜೆಯೊಳಗೆ ಕರಗಿಹೋಗುತ್ತವೆ. ಆದರೆ ದುಡಿಮೆಯೇ ನಿಂತರೆ?

2020ರ ಮಾರ್ಚ್ 25ರಿಂದ ಕೊರೊನಾ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಈ ಪ್ರಶ್ನೆ ಮನೆಮನೆಗೂ ಬಂದಿತು. ಒಕ್ಕಲುತನಕ್ಕೆ ಬೇಗನೆ ವಿನಾಯಿತಿ ದೊರೆಯಿತು. ಪೇಟೆಯ ಅನೇಕ ಅಂಗಡಿಕಾರರೂ ಶಾಲೆಯ ಮಕ್ಕಳೂ ಮನೆಯಲ್ಲಿಯೇ ಉಳಿದರು. ಕೈಕಾಲುಗಳಿಗೆ ಬಿಡುವಾಯಿತು, ಹೊಟ್ಟೆಗೆ ಮಾತ್ರ ಆಗಲಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ರೂಢಿಯ ಊಟದ ವೇಳೆಗೆ ತಾನಾಗಿಯೇ ಏರುತ್ತದೆ. ಯಜಮಾನನು ದುಡಿದನೋ ಮಲಗಿದ್ದನೋ ಎಂದು ಅದು ವಿಚಾರಿಸುವುದಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೋ ಕ್ಯಾಲರಿ. 45 ಗ್ರಾಂ ಶೇಂಗಾದಲ್ಲಿರುವುದು ಸುಮಾರು 250. ಕುಳಿತಲ್ಲಿಯೇ ದಿನಕ್ಕೆ ಅಷ್ಟು ಶೇಂಗಾ ಹೆಚ್ಚಾಗಿ ತಿಂದವನು, ಲೆಕ್ಕದ ಮಟ್ಟಿಗೆ, ತಿಂಗಳಿಗೊಂದು ಕಿಲೋ ತೂಗುತ್ತಾನೆ.

ಇಂತಹ ತೂಕವನ್ನು ಇಳಿಸಲು ದಿನದ ಎಂಟು ಗಂಟೆಗಳಲ್ಲಿ ಮಾತ್ರ ಉಂಡು ಉಳಿದ ಹದಿನಾರು ಗಂಟೆ ಉಪವಾಸವಿರುವ ಕ್ರಮವು ಈಗ ಪ್ರಚಾರದಲ್ಲಿದೆ. ಹೆಸರು ಹೊಸದು, ರೂಢಿ ಹೊಸದಲ್ಲ. ಈ ಜಿಲ್ಲೆಯ ಸಂಪ್ರದಾಯಸ್ಥ ಜೈನ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ. ಚಳಿಗಾಲದಲ್ಲಿ ಮರುದಿನ ಹೊತ್ತು ಮೂಡುವವರೆಗೆ ಹೆಚ್ಚುಕಡಿಮೆ ಹದಿಮೂರು ಗಂಟೆಗಳ ಬಿಡುವು. ಮಳೆಗಾಲದಲ್ಲಿ ಕ್ರಿಮಿಕೀಟಗಳನ್ನು ತುಳಿಯಬಾರದೆಂದು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆಸುವ ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ ಆಹಾರ ಸ್ವೀಕರಿಸುತ್ತಾರೆ. ಆ ಚಾತುರ್ಮಾಸದಲ್ಲಿ ಶ್ರಾವಕರೂ ಹಲವು ವ್ರತಗಳನ್ನು ಹಿಡಿಯುತ್ತಾರೆ. ಅವರ ಗುರಿ ಸಂಯಮವೇ ಹೊರತು ತೂಕವಲ್ಲ, ನಿಜ.

ಉಪವಾಸದಲ್ಲಿ ದೇಹವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸುಮಾರು 100 ಗ್ರಾಂ ಗ್ಲೈಕೋಜನನ್ನು ವೆಚ್ಚಮಾಡುತ್ತದೆ. ಅದು ತಗ್ಗಿದಂತೆ ಕೊಬ್ಬಿನ ಬಳಕೆ ಹೆಚ್ಚುತ್ತದೆ. ಹಾಗಾದರೆ ಗಡಿಯಾರವೇ ಕೊಬ್ಬನ್ನು ಕರಗಿಸುವುದೇ? ಚೀನದ ಗುವಾಂಗ್‌ಝೌ ನಗರದಲ್ಲಿ ಬೊಜ್ಜುಳ್ಳ 139 ಜನರ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎಲ್ಲರೂ ಆಹಾರದ ಪ್ರಮಾಣವನ್ನು ಒಂದೇ ರೀತಿ ತಗ್ಗಿಸಿದರು. ಒಂದು ಗುಂಪಿನವರು ಮಾತ್ರ ಬೆಳಗಿನ 8ರಿಂದ ಸಂಜೆಯ 4ರೊಳಗೆ ಉಂಡರು. ಇವರ ತೂಕ ಸರಾಸರಿ 8 ಕಿಲೋ ಇಳಿದರೆ, ಉಳಿದವರದು 6.3 ಕಿಲೋ. ಈ ಅಂತರ ಕೇವಲ ಆಕಸ್ಮಿಕವಲ್ಲವೆಂದು ಹೇಳಲು ಆಧಾರ ಸಾಲಲಿಲ್ಲ. ಇಳಿಸಿದ್ದು ಮುಖ್ಯವಾಗಿ ಊಟದ ಅಳತೆ. ಏಕಾದಶಿಯಂದು ಅನ್ನ ಬಿಟ್ಟು, ತುಪ್ಪ ಶೇಂಗಾ ಸುರಿದ ಸಾಬೂದಾಣಿಯನ್ನು ಎರಡು ತಾಟು ಉಣ್ಣುವವರು ಇದನ್ನು ಒಪ್ಪುವುದು ಕಷ್ಟ!

ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಲುಬು, ಸ್ನಾಯುಗಳು ಬೆಳೆಯುತ್ತಿರುವ ಹದಿನಾಲ್ಕು ಹದಿನೈದರ ವಯಸ್ಸಿಗೂ ಈ ಪ್ರಯೋಗ ತಕ್ಕದ್ದಲ್ಲ. ಆ ವಯಸ್ಸಿನವರು ಮನೆಯಲ್ಲಿ ಕಟ್ಟಿಬಿದ್ದ ದಿನಗಳಲ್ಲಿ ಬಿಡಬೇಕಾದದ್ದು ಊಟವನ್ನಲ್ಲ, ಊಟಗಳ ನಡುವೆ ಡಬ್ಬಿಗೆ ಹೋಗುವ ಕೈಯನ್ನು.