ವಯಸ್ಕರಲ್ಲಿ ಗಮನ ಕೊರತೆಯ ತೊಂದರೆ: ಸದಸ್ಯರು ತಿಳಿದಿರಬೇಕಾದ ವಿಷಯಗಳು



ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೇ ಬಿಡುವವರು, ಸ್ವಸಹಾಯ ಸಂಘದ ಸಾಲದ ಕಂತನ್ನು ಪದೇ ಪದೇ ಮರೆಯುವವರು, ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಕಚೇರಿಗೆ ಬರುವವರು ಪ್ರತಿ ಗ್ರಾಮದಲ್ಲಿಯೂ ಇರುತ್ತಾರೆ. ಅವರನ್ನು ಸೋಮಾರಿಗಳು, ಹೊಣೆಗೇಡಿಗಳು ಎಂದು ಕರೆಯುವುದು ರೂಢಿಯಾಗಿದೆ. ಅವರಲ್ಲಿ ಕೆಲವರಿಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಇರುವ ಸಾಧ್ಯತೆಯಿದೆ.

ತೊಂದರೆಯ ಸ್ವರೂಪ

ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಬಾಲ್ಯದಲ್ಲಿ ಆರಂಭವಾಗಿ ಅನೇಕರಲ್ಲಿ ವಯಸ್ಕರಾದ ಮೇಲೆಯೂ ಮುಂದುವರಿಯುತ್ತದೆ. ಬಾಲ್ಯದ ಓಡಾಟ ಕಡಿಮೆಯಾಗಿ, ಮನಸ್ಸಿನ ಚಡಪಡಿಕೆ, ಮರೆವು, ಸಮಯಪಾಲನೆಯಲ್ಲಿ ತೊಡಕು, ಯೋಚಿಸದೆ ಮಾತನಾಡುವುದು ಅಥವಾ ಖರ್ಚು ಮಾಡುವುದು ಉಳಿಯುತ್ತವೆ. ಇದು ಬುದ್ಧಿಶಕ್ತಿಯ ಕೊರತೆಯಲ್ಲ.

ಆದರೆ ಮರೆವು ಇರುವವರಿಗೆಲ್ಲ ಈ ತೊಂದರೆ ಇದೆ ಎನ್ನಲಾಗದು. ನಿದ್ರಾಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಮದ್ಯಪಾನಗಳಿಂದಲೂ ಗಮನ ಕುಗ್ಗುತ್ತದೆ. ಇದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಲಾಗದು. ಮನೋವೈದ್ಯರು ಬಾಲ್ಯದಿಂದಿನ ವಿವರ ಕೇಳಿ ನಿರ್ಧರಿಸುತ್ತಾರೆ.

ಮಾನಸಿಕ ಆರೋಗ್ಯದ ಮೇಲೆ ಪರಿಣಾಮ

ವರ್ಷಗಟ್ಟಲೆ ನಿಂದನೆ ಕೇಳಿದ ವ್ಯಕ್ತಿ ಕ್ರಮೇಣ ತನ್ನನ್ನೇ ನಿಂದಿಸಿಕೊಳ್ಳುತ್ತಾನೆ. ಖಿನ್ನತೆ ಮತ್ತು ಆತಂಕ ಜೊತೆಗೂಡುತ್ತವೆ. ಕೆಲವರು ಮದ್ಯದ ಮೊರೆ ಹೋಗುತ್ತಾರೆ. ಆದುದರಿಂದ ಗಮನದ ಕೊರತೆಗೆ ಮಾತ್ರವಲ್ಲದೆ, ನೊಂದ ಮನಸ್ಸಿಗೂ ಆರೈಕೆ ಅಗತ್ಯ. ಔಷಧ ಮತ್ತು ಆಪ್ತಸಮಾಲೋಚನೆಯಿಂದ ಅನೇಕರು ಸುಧಾರಿಸುತ್ತಾರೆ. ನಿಯಮಿತ ನಿದ್ರೆ, ವ್ಯಾಯಾಮ, ಕೆಲಸಗಳನ್ನು ಬರೆದಿಟ್ಟುಕೊಳ್ಳುವುದು, ಮೊಬೈಲ್‌ನಲ್ಲಿ ಅಲಾರಂ ಇಡುವುದು ನೆರವಾಗುತ್ತವೆ. ವೈದ್ಯರ ಸಲಹೆಯಿಲ್ಲದೆ ಔಷಧವನ್ನು ಆರಂಭಿಸಬಾರದು, ನಿಲ್ಲಿಸಲೂಬಾರದು.

ಸದಸ್ಯರು ಮಾಡಬಹುದಾದ ಕಾರ್ಯಗಳು

1. ಗ್ರಾಮಸಭೆಯಲ್ಲಾಗಲಿ, ಕಚೇರಿಯಲ್ಲಾಗಲಿ ಯಾರನ್ನೂ ಹೀಯಾಳಿಸದಿರುವುದು. ರೋಗದ ಹೆಸರನ್ನು ನಾವೇ ಹಚ್ಚದಿರುವುದು.

2. ದಾಖಲೆಗಳ ಪಟ್ಟಿ ಮತ್ತು ಕೊನೆಯ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡುವುದು. ಎರಡು ದಿನ ಮೊದಲು ನೆನಪಿಸುವುದು. ಮರೆವಿನ ಕಾರಣದಿಂದ ಅರ್ಹರೊಬ್ಬರು ಸೌಲಭ್ಯ ಕಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ.

3. ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಬಳಿಗೂ ಹೋಗಲು ನೆರವಾಗುವುದು.

4. ತಿಳಿದುಬಂದ ವಿಷಯವನ್ನು ಗೋಪ್ಯವಾಗಿಡುವುದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಪ್ರತಿಯೊಬ್ಬರಿಗೂ ಸರ್ಕಾರಿ ಸೇವೆಯಲ್ಲಿ ಆರೈಕೆ ಪಡೆಯುವ ಹಕ್ಕನ್ನು, ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ನೀಡಿದೆ.

ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಯಾರಾದರೂ ಬದುಕು ಸಾಕೆಂದು ನುಡಿದಲ್ಲಿ ಅದನ್ನು ಲಘುವಾಗಿ ಭಾವಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿಸಿ ಸಮೀಪದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಈ ಸಂಖ್ಯೆಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಲು ಕೋರಲಾಗಿದೆ.